ಎರಡನೆಯವನ ಕಸುಬು

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಯಕ್ಷಗಾನ ಮೇಳಗಳೂ ಘಟ್ಟ ಹತ್ತುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಮನೆಗಳು ಇವತ್ತಿಗೂ ಇವೆ. ಇಡೀ ರಾತ್ರಿಯ ಆಟದಲ್ಲಿ ಮೊದಲ ಪದ್ಯ ಹಾಡುವವನು ಮುಖ್ಯ ಭಾಗವತನಲ್ಲ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಪೂರ್ವರಂಗವನ್ನು ನಡೆಸುವುದು ಸಂಗೀತಗಾರ, ಈಚಿನ ಮಾತಿನಲ್ಲಿ ಸಹಭಾಗವತ. ಜನ ಮನೆಯಲ್ಲಿ ಊಟ ಮುಗಿಸಿ, ಕಂಬಳಿ ಹೊದ್ದು, ಟಾರ್ಚ್ ಹಿಡಿದು ಬಂದು ಕೂರುವಷ್ಟರಲ್ಲಿ ಅವನ ಪಾಳಿ ಮುಗಿಯುತ್ತ ಬಂದಿರುತ್ತದೆ. ಮುಖ್ಯ ಭಾಗವತರು ತಾಳ ಹಿಡಿದಾಗ ಸಭೆ ನೆಟ್ಟಗಾಗುತ್ತದೆ. ಅದುವರೆಗೆ ಹಾಡಿದವನ ಹೆಸರು ಕೇಳಿದರೆ ಹೇಳಬಲ್ಲವರು ನಾಲ್ಕು ಜನ ಸಿಕ್ಕರೆ ಹೆಚ್ಚು. ಆದರೆ ಭಾಗವತರ ಗಂಟಲು ಕಟ್ಟಿದ ರಾತ್ರಿ ಆಟ ನಿಲ್ಲದಿರುವುದು ಅವನಿಂದ. ಅದಕ್ಕಾಗಿಯೇ ಮೇಳ ಅವನಿಗೆ ಸಂಬಳ ಕೊಟ್ಟು, ದಿನವೂ ರಂಗಸ್ಥಳ ಕೊಟ್ಟು ಇಟ್ಟುಕೊಂಡಿರುತ್ತದೆ. ಎರಡನೆಯವನನ್ನು ಸಾಕಿಕೊಳ್ಳುವ ಈ ವ್ಯವಹಾರಜ್ಞಾನವನ್ನು ಮಲೆನಾಡು ತನ್ನ ಆಟದಲ್ಲಿ ಬಲ್ಲದು, ಕ್ರೀಡೆಯಲ್ಲಿ ಮಾತ್ರ ಮರೆತಿದೆ ಎಂಬುದು ಇಲ್ಲಿನ ವಾದ.

ಮೊದಲು ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಂದು ಸ್ಥಾನವಿದೆ. ಹನ್ನೊಂದು ಜನರಲ್ಲಿ ಯಾರು ಯಾವ ಕಡೆ ಓಡಬೇಕು, ಚೆಂಡು ಯಾರ ಕೈಗೆ ಹೋಗಬೇಕು ಎಂಬುದನ್ನು ಪ್ರತಿ ಸಲವೂ ಕೂಗಿ ಹೇಳಿ, ತಾನೇ ಎಸೆಯುವವನು ಅವನು. ನಮ್ಮಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ಭಾಗವತನೇ: ವೇಷ ಕುಣಿಯುವುದು ಮುಂದೆ, ಕುಣಿಸುವವನು ಹಿಂದೆ. ಒಂದು ಹೊತ್ತಿಗೆ ಒಬ್ಬನಿಗೇ ಜಾಗ. ಹಾಗಾಗಿ ತಂಡದ ಎರಡನೇ, ಮೂರನೇ ಕ್ವಾರ್ಟರ್‌ಬ್ಯಾಕ್‌ಗಳು ವರ್ಷಗಟ್ಟಲೆ ಗೆರೆಯಾಚೆ ನಿಂತು ನೋಡುತ್ತಲೇ ಇರುತ್ತಾರೆ. ಜೋಶ್ ಜಾನ್ಸನ್ ಎಂಬಾತ 2008ರಲ್ಲಿ ಟ್ಯಾಂಪಾ ಬೇ ತಂಡದಿಂದ ವೃತ್ತಿ ಆರಂಭಿಸಿ, ಒಟ್ಟು 14 ತಂಡಗಳ ಅಂಗಿ ತೊಟ್ಟರು. ಅದೇ ಒಂದು ದಾಖಲೆ. ಎಲ್ಲಿಯೂ ಮೊದಲಿಗರಾಗಿ ನೆಲೆ ನಿಲ್ಲಲಿಲ್ಲ. 2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಫೈನಲ್‌ಗೆ ಒಂದೇ ಮೆಟ್ಟಿಲು ಕೆಳಗಿದ್ದ ಪಂದ್ಯದಲ್ಲಿ ಅದರ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮೊಣಕೈ ಗಾಯದಿಂದ ಹೊರನಡೆದರು. ಬದಲಿಗೆ ಬಂದ ಜಾನ್ಸನ್ ತಲೆಗೆ ಪೆಟ್ಟು ತಿಂದು ಹೊರಬಿದ್ದರು. ಎಸೆಯಲಾಗದ ಕೈಯ ಪರ್ಡಿಯನ್ನೇ ಮತ್ತೆ ಇಳಿಸಬೇಕಾಯಿತು. ತಂಡ 31-7ರಲ್ಲಿ ಸೋತಿತು. ಕೆಲವೇ ತಿಂಗಳಲ್ಲಿ ಲೀಗ್ ತನ್ನ ನಿಯಮವನ್ನೇ ತಿದ್ದಿ, ತುರ್ತಿಗೆಂದು ಮೂರನೇ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಸಿದ್ಧವಾಗಿಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಜಗತ್ತಿನ ಅತಿ ಶ್ರೀಮಂತ ಲೀಗಿಗೆ ಮೂರನೆಯವನ ಬೆಲೆ ತಿಳಿಯಲು ಒಂದು ಮಧ್ಯಾಹ್ನ ಹಾಳಾಗಬೇಕಾಯಿತು.

ಇದಕ್ಕಿಂತ ಹಳೆಯ, ಇದಕ್ಕಿಂತ ಸೊಗಸಾದ ಉದಾಹರಣೆ ಅರ್ಲ್ ಮೊರಾಲ್ ಅವರದು. 1968ರಲ್ಲಿ ಬಾಲ್ಟಿಮೋರ್ ತಂಡದ ಜಾನಿ ಯುನೈಟಸ್ ಗಾಯಗೊಂಡಾಗ ಮೊರಾಲ್ ಆ ಜಾಗಕ್ಕೆ ಬಂದು, ತಂಡ 14 ಪಂದ್ಯಗಳಲ್ಲಿ 13 ಗೆಲ್ಲುವಂತೆ ಆಡಿ, ಆ ವರ್ಷದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಫೈನಲ್‌ನಲ್ಲಿ ಮಾತ್ರ ಮುಗ್ಗರಿಸಿದರು. ನಾಲ್ಕು ವರ್ಷದ ನಂತರ, 38ರ ವಯಸ್ಸಿನಲ್ಲಿ, ಮಯಾಮಿ ತಂಡದ ಬಾಬ್ ಗ್ರೀಸಿಯ ಕಾಲು ಮುರಿದಾಗ ಮತ್ತೆ ಅದೇ ಕೆಲಸ. ಆ ಋತುವಿನಲ್ಲಿ ಮಯಾಮಿ ಆಡಿದ 17 ಪಂದ್ಯಗಳನ್ನೂ ಗೆದ್ದಿತು. ಆ ಲೀಗಿನಲ್ಲಿ ಫೈನಲ್ ಕೂಡ ಸೇರಿ ಒಂದೂ ಸೋಲಿಲ್ಲದೆ ಮುಗಿಸಿದ ತಂಡ ಅದೊಂದೇ. ಗ್ರೀಸಿ ಚೇತರಿಸಿಕೊಂಡು ಬಂದ ಮೇಲೆ ಮೊರಾಲ್ ಜಾಗ ಬಿಟ್ಟುಕೊಟ್ಟು ಗೆರೆಯಾಚೆ ಹೋಗಿ ನಿಂತರು, ಫೈನಲ್ ಆಡಿದ್ದು ಗ್ರೀಸಿ. ಹೀಗೆ ಹಿಂದೆ ಸರಿಯುವುದನ್ನು ತ್ಯಾಗವೆಂದು ಹೊಗಳುವುದು ಸುಲಭ, ಆದರೆ ವಿಷಯ ಅದಲ್ಲ. ತಿಂಗಳುಗಟ್ಟಲೆ ಆಡದೆ ಇದ್ದು, ಒಂದು ದಿನ ಎಚ್ಚರಿಕೆಯಿಲ್ಲದೆ ಕರೆ ಬಂದಾಗ ನಿನ್ನೆಯಷ್ಟೇ ಆಡಿದವನಂತೆ ಆಡುವುದು ಬೇರೆಯದೇ ಒಂದು ವಿದ್ಯೆ. ಮೊದಲಿಗನಿಗೆ ಆ ವಿದ್ಯೆ ಬೇಕಾಗುವುದಿಲ್ಲ. ಎರಡನೆಯವನನ್ನು 'ಮೊದಲಿಗನಾಗಲಾರದೆ ಹೋದವನು' ಎಂದು ಲೆಕ್ಕ ಹಾಕುವಾಗ ಈ ವಿದ್ಯೆ ನಮ್ಮ ತಕ್ಕಡಿಯಿಂದ ಜಾರಿಬಿಡುತ್ತದೆ.

ಕರ್ನಾಟಕಕ್ಕೆ ಬರೋಣ. 1949ರಲ್ಲಿ ಹುಟ್ಟಿದ ಇಬ್ಬರು ಕ್ರಿಕೆಟಿಗರನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಒಬ್ಬರು ನಮ್ಮ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಗುಂಡಪ್ಪ ವಿಶ್ವನಾಥ್: 91 ಟೆಸ್ಟ್, 6,080 ರನ್, 14 ಶತಕ, ಅವರ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಇನ್ನೊಬ್ಬರು ಬಿ. ವಿಜಯಕೃಷ್ಣ. ಎಡಗೈ ಸ್ಪಿನ್ನರ್, ಕೆಳ ಕ್ರಮಾಂಕದಲ್ಲಿ ಗಟ್ಟಿಯಾಗಿ ಬ್ಯಾಟ್ ಬೀಸುತ್ತಿದ್ದವರು, 2021ರ ಜೂನ್‌ನಲ್ಲಿ ತೀರಿಕೊಂಡರು. 80 ಪ್ರಥಮ ದರ್ಜೆ ಪಂದ್ಯ, 194 ವಿಕೆಟ್, 2,000ಕ್ಕೂ ಹೆಚ್ಚು ರನ್. ಟೆಸ್ಟ್ ಒಂದೂ ಇಲ್ಲ. ಬಾಂಬೆಯ 15 ವರ್ಷದ ಸತತ ಆಳ್ವಿಕೆಯನ್ನು ಮುರಿದು 1973-74ರಲ್ಲಿ ಮೊದಲ ಸಲ ರಣಜಿ ಗೆದ್ದ ತಂಡದಲ್ಲಿ ಅವರಿದ್ದರು. ಆ ತಂಡ ಎಂದರೆ ಇಂದಿಗೂ ನಾಲಿಗೆಗೆ ಬರುವ ಹೆಸರುಗಳು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್. ವಿಜಯಕೃಷ್ಣ ಬೆಂಚಿನ ಮೇಲೆ ಕೂತವರಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು, ರಾಜ್ಯಕ್ಕಾಗಿ ಸುಮಾರು ಹದಿನೈದು ವರ್ಷ ಆಡಿದರು. ಆದರೆ ಅವರ ವೃತ್ತಿಯ ಬಹುಭಾಗ ಇಬ್ಬರು ದೈತ್ಯರ ನೆರಳಲ್ಲಿ ಕಳೆಯಿತು. ಪ್ರಥಮ ದರ್ಜೆಯಲ್ಲಿ ಚಂದ್ರಶೇಖರ್ 1,063 ವಿಕೆಟ್ ಪಡೆದವರು, ಪ್ರಸನ್ನ 957. ಹೊಸ ಬ್ಯಾಟ್ಸ್‌ಮನ್ ಬಂದಾಗ, ಪಿಚ್ ತಿರುಗಲು ತೊಡಗಿದಾಗ, ನಾಯಕನ ಕೈಯಲ್ಲಿದ್ದ ಚೆಂಡು ಮೊದಲು ಯಾರಿಗೆ ಹೋಗುತ್ತಿತ್ತು ಎಂಬುದನ್ನು ಊಹಿಸಲು ಕ್ರಿಕೆಟ್ ಪಂಡಿತನಾಗಬೇಕಿಲ್ಲ. ಪಂದ್ಯಕ್ಕೆ ಎರಡೂವರೆಗಿಂತ ಕಡಿಮೆ ವಿಕೆಟ್ ಎಂಬ ವಿಜಯಕೃಷ್ಣರ ಲೆಕ್ಕವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು: ಅದು ಸಾಮರ್ಥ್ಯದ ಅಳತೆಯಷ್ಟೇ ಪಾಲು ಹಂಚಿಕೆಯ ಅಳತೆಯೂ ಹೌದು. ಇನ್ನೂ ಒಂದು ಮಾತು ಇದೆ. ಪ್ರಸನ್ನ, ಚಂದ್ರ ಭಾರತ ತಂಡದೊಂದಿಗೆ ಹೊರಟುಹೋದ ವಾರಗಳಲ್ಲಿಯೂ ಕರ್ನಾಟಕ ಪಂದ್ಯ ಆಡಲೇಬೇಕಿತ್ತು. ಆಗ ಸ್ಪಿನ್ ದಾಳಿಯ ಭಾರ ಹೊರಬೇಕಾದವರು ಉಳಿದವರು. ರಾಜ್ಯ ತಂಡವೊಂದು ಗಟ್ಟಿಯಾಗಿ ನಿಲ್ಲುವುದು ದೇಶಕ್ಕೆ ಆಡುವ ನಾಲ್ವರಿಂದ ಅಲ್ಲ, ಅವರು ಇಲ್ಲದ ದಿನ ಇರುವವರಿಂದ.

ವಿಜಯಕೃಷ್ಣರಿಗೆ ಭಾರತ ತಂಡದ ಬಾಗಿಲು ತೆರೆಯದ ಕಾರಣಕ್ಕೂ ಒಂದು ಹೆಸರಿದೆ: ಬಿಷನ್ ಸಿಂಗ್ ಬೇಡಿ. ಎಡಗೈ ಸ್ಪಿನ್ನರ್‌ಗೆ ಇದ್ದದ್ದು ಒಂದು ಜಾಗ, ಬೇಡಿ ಅದರಲ್ಲಿ 67 ಟೆಸ್ಟ್ ಕೂತರು. ಆ ಸರದಿಯಲ್ಲಿ ವಿಜಯಕೃಷ್ಣರಿಗಿಂತ ಮುಂದೆಯೇ ನಿಂತು ಕಾದವರು ಹರಿಯಾಣದ ರಾಜಿಂದರ್ ಗೋಯಲ್, ಬಾಂಬೆಯ ಪದ್ಮಾಕರ್ ಶಿವಾಲ್ಕರ್. ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದರು, ಆ ದಾಖಲೆ ಇನ್ನೂ ಮುರಿದಿಲ್ಲ. 1974ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ಗೆ ಬೇಡಿಯನ್ನು ಶಿಸ್ತಿನ ಕಾರಣಕ್ಕೆ ಕೈಬಿಟ್ಟಾಗ ಗೋಯಲ್‌ಗೆ ಕರೆ ಬಂತು, ಬಂದರು, ಆದರೆ ಹನ್ನೊಂದರಲ್ಲಿ ಹೆಸರು ಬರಲಿಲ್ಲ. ಮುಂದೆ ಎಂದೂ ಬರಲಿಲ್ಲ. ನಮ್ಮ ನೆರೆಯ ದಾವಣಗೆರೆಯ ವಿನಯ್ ಕುಮಾರ್ ಅವರದು ಇನ್ನೊಂದು ಬಗೆ. 2012ರಲ್ಲಿ ಪರ್ತ್‌ನಲ್ಲಿ ಒಂದೇ ಒಂದು ಟೆಸ್ಟ್, ಒಂದು ವಿಕೆಟ್. ಆ ಪಂದ್ಯದ ನಂತರ ಅವರ ಬಗ್ಗೆ ಆದ ಗೇಲಿ ಹಲವರಿಗೆ ನೆನಪಿರಬಹುದು. ಆಮೇಲೆ ಅವರು ಮಾಡಿದ್ದು ಅಷ್ಟು ನೆನಪಿರಲಿಕ್ಕಿಲ್ಲ. 2013-14, 2014-15ರಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡು ವರ್ಷ ಬೆನ್ನುಬೆನ್ನಿಗೆ ಗೆದ್ದಿತು. ಕೆ.ಎಲ್. ರಾಹುಲ್, ಮಯಾಂಕ್ ಅಗರ್‌ವಾಲ್, ಕರುಣ್ ನಾಯರ್ ಮುಂದೆ ದೇಶಕ್ಕೆ ಆಡಿದರು. ಅವರು ರೂಪುಗೊಂಡ ತಂಡವನ್ನು ನಡೆಸಿದ್ದು ಒಂದು ಟೆಸ್ಟ್‌ನ ಆಟಗಾರ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಕ್ರೀಡೆ ಇರುವುದೇ ಯಾರು ಮೇಲು ಎಂದು ತೀರ್ಮಾನಿಸಲು, ಗೋಯಲ್‌ಗಿಂತ ಬೇಡಿ ಮೇಲಾಗಿದ್ದರು, ಹಾಗಾಗಿ ಆಡಿದರು, ಇದರಲ್ಲಿ ಅಳುವುದೇನಿದೆ? ನಿಜ, ಅಳುವುದೇನೂ ಇಲ್ಲ. ಗೋಯಲ್ ಅವರೂ ಬೇಡಿಯಂಥವರ ಕಾಲದಲ್ಲಿ ಹುಟ್ಟಿದ್ದಕ್ಕೆ ಯಾರನ್ನೂ ದೂರಿದವರಲ್ಲ. ನನ್ನ ತಕರಾರು ಆಯ್ಕೆಯ ಮೇಲಲ್ಲ, ಆಯ್ಕೆಯಾಗದವನ ಬಗ್ಗೆ ಆಮೇಲೆ ನಾವು ಹಾಕುವ ಲೆಕ್ಕದ ಮೇಲೆ. ಬೇಡಿ ಮೇಲು ಎಂಬುದರಿಂದ ಗೋಯಲ್ ವ್ಯರ್ಥ ಎಂದು ಸಿದ್ಧವಾಗುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಉತ್ತರ ಭಾರತದ ಬ್ಯಾಟ್ಸ್‌ಮನ್ನರು ಟೆಸ್ಟ್ ಮಟ್ಟದ ಸ್ಪಿನ್ನನ್ನು ಪ್ರತಿ ಚಳಿಗಾಲವೂ ಎದುರಿಸಬೇಕಾಗಿ ಬಂದದ್ದು ಗೋಯಲ್ ಇದ್ದದ್ದರಿಂದ. ಅಂಥ ಬೌಲಿಂಗ್ ಆಡಿ ಬೆಳೆದವರು ದೇಶಕ್ಕೆ ಹೋಗುತ್ತಾರೆ. ಮುಂಬೈಯ ಅಮೋಲ್ ಮಜುಂದಾರ್ ಪ್ರಥಮ ದರ್ಜೆಯಲ್ಲಿ 11,000ಕ್ಕೂ ಹೆಚ್ಚು ರನ್ ಗಳಿಸಿದರೂ ಒಂದು ಟೆಸ್ಟ್ ಆಡಲಿಲ್ಲ. 2025ರ ನವೆಂಬರ್‌ನಲ್ಲಿ ಭಾರತದ ಮಹಿಳಾ ತಂಡ ವಿಶ್ವಕಪ್ ಎತ್ತಿದಾಗ ಅದರ ಕೋಚ್ ಅವರು. ಎರಡು ಟೆಸ್ಟ್ ಆಡಿದ ನಮ್ಮ ರಘುರಾಮ್ ಭಟ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಕಾದವನು ಆಟವನ್ನು ಬೇರೆ ಕೋನದಿಂದ ನೋಡಿರುತ್ತಾನೆ, ಆ ನೋಟಕ್ಕೆ ಬೇರೆಯದೇ ಉಪಯೋಗವಿದೆ.

ಎರಡನೇ ಆಕ್ಷೇಪ ಮನೆಯೊಳಗಿನದು, ಹಾಗಾಗಿ ಹೆಚ್ಚು ಗಂಭೀರ. ಅರ್ಧ ಎಕರೆ, ಒಂದು ಎಕರೆ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕಿ ರೋಗ. ಇಂಥ ಮನೆಯ ಹುಡುಗನಿಗೆ 'ಎರಡನೆಯವನಾದರೂ ಆಗು' ಎಂದು ಹೇಳುವುದು ಯಾವ ನ್ಯಾಯ, ಓದಿ ಒಂದು ಕೆಲಸ ಹಿಡಿಯಲಿ ಎಂಬುದೇ ಬುದ್ಧಿಯಲ್ಲವೇ ಎಂದು ಅಪ್ಪ ಅಮ್ಮ ಕೇಳುತ್ತಾರೆ. ಈ ಮಾತಿಗೆ ತಲೆದೂಗದೆ ವಿಧಿಯಿಲ್ಲ. ಆದರೆ ಒಂದು ಕಾಲದಲ್ಲಿ ಈ ಭಯಕ್ಕೆ ಉತ್ತರ ಇತ್ತು ಎಂಬುದನ್ನೂ ಮರೆಯಬಾರದು. ಬ್ಯಾಂಕುಗಳು, ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ಯಮಗಳು ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಂಡು ತಂಡ ಕಟ್ಟುತ್ತಿದ್ದವು. ಆ ಕೆಲಸ ಸಿಗುತ್ತಿದ್ದದ್ದು ವಿಶ್ವನಾಥ್‌ರಂಥವರಿಗೆ ಮಾತ್ರವಲ್ಲ, ಜಿಲ್ಲಾ ಮಟ್ಟದ ವಾಲಿಬಾಲ್ ಲಿಫ್ಟರ್‌ಗೂ, ಕಬಡ್ಡಿಯ ಕಾರ್ನರ್ ಆಟಗಾರನಿಗೂ. ಮೊದಲಿಗನಾಗದಿದ್ದರೂ ತಿಂಗಳ ಸಂಬಳ, ಪಿಂಚಣಿ ಇರುತ್ತಿತ್ತು. ಈಗ ಆ ಬಾಗಿಲು ಬಹಳ ಕಿರಿದಾಗಿದೆ. ನಮ್ಮ ಜಿಲ್ಲೆಯ ದೊಡ್ಡ ಕಾರ್ಖಾನೆಗಳಲ್ಲೇ ಕಾಗದದ ಎಂಪಿಎಂ ನಿಂತಿದೆ, ಉಕ್ಕಿನ ವಿಐಎಸ್‌ಎಲ್ ಕುಂಟುತ್ತಿದೆ. ಅಂಥ ಕೆಲಸಗಳ ಜಾಗಕ್ಕೆ ಆಟಗಾರರ ಹರಾಜು ಬಂದಿದೆ. ಹರಾಜಿನಲ್ಲಿ ಒಬ್ಬನಿಗೆ ಕೋಟಿ, ಮಾರಾಟವಾಗದವನಿಗೆ ಬಸ್ ಚಾರ್ಜೂ ಇಲ್ಲ. ಮನೆಯವರ ಭಯ ಆಟದ ಬಗ್ಗೆ ಅಲ್ಲ, ಈ ಕಂದಕದ ಬಗ್ಗೆ. ಕಂದಕ ತುಂಬಿಸದೆ ಹುಡುಗರು ಆಟ ಬಿಡುತ್ತಾರೆಂದು ಕೊರಗುವುದು ಸೋಗು.

ತುಂಬಿಸುವುದು ಅಸಾಧ್ಯವೇನಲ್ಲ ಎನ್ನುವುದಕ್ಕೆ ಕ್ರಿಕೆಟ್ಟೇ ಸಾಕ್ಷಿ. 2021ರಲ್ಲಿ ಬಿಸಿಸಿಐ ರಣಜಿ ಸಂಭಾವನೆ ಪರಿಷ್ಕರಿಸಿದಾಗ 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ ನಿಗದಿಯಾಯಿತು, ಅದೇ ಅನುಭವದ ಮೀಸಲು ಆಟಗಾರನಿಗೆ 30,000. ಅತಿ ಕಡಿಮೆ ಅನುಭವದವರಲ್ಲೂ ಆಡುವವನಿಗೆ 40,000, ಹೊರಗೆ ಕೂರುವವನಿಗೆ 20,000. ಅರ್ಧ ಎಂಬುದು ಸರಿಯೇ ಅಲ್ಲವೇ ಎಂಬ ಚರ್ಚೆ ಬೇರೆ. ಕೂರುವುದಕ್ಕೂ ಬೆಲೆ ಕಟ್ಟಬಹುದು, ಅದನ್ನು ಅಂಕಿಯಲ್ಲಿ ಬರೆಯಬಹುದು ಎಂದು ಒಪ್ಪಿಕೊಂಡದ್ದೇ ಇಲ್ಲಿ ದೊಡ್ಡದು. ಕ್ರಿಕೆಟ್‌ಗೆ ದುಡ್ಡಿದೆ, ಕಬಡ್ಡಿ ಸಮಿತಿಗೆ ಎಲ್ಲಿದೆ ಎಂದು ಕೇಳುವವರಿಗೆ ಯಕ್ಷಗಾನ ಮೇಳದ ಕಡೆ ಕೈ ತೋರಿಸಬೇಕಾಗುತ್ತದೆ. ಮೇಳಕ್ಕೂ ಕೋಟಿಗಳಿಲ್ಲ. ಆದರೂ ತಿರುಗಾಟಕ್ಕೆ ಹೊರಡುವಾಗ ಸಂಗೀತಗಾರನಿಂದ ಕೋಡಂಗಿ ವೇಷದ ಹುಡುಗನವರೆಗೆ ಎಲ್ಲರಿಗೂ ಋತುವಿಡೀ ಇಷ್ಟು ಎಂದು ಮಾತಾಗಿರುತ್ತದೆ. 1990ರಲ್ಲಿ ಭಾಗವತ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ಬಡಗುತಿಟ್ಟಿನ ಅಭಿಮಾನಿಗಳಿಗೆ ಎಲ್ಲವೂ ಮುಗಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮೇಳಗಳು ನಿಲ್ಲಲಿಲ್ಲ. ಪೂರ್ವರಂಗದಲ್ಲಿ ಹಾಡಿ ಹಾಡಿ ಗಂಟಲು ಪಳಗಿಸಿಕೊಂಡವರು ಹಿಂದಿನ ಸಾಲಿನಲ್ಲಿ ಇದ್ದೇ ಇದ್ದರು.

ತೀರ್ಥಹಳ್ಳಿ, ಹೊಸನಗರ, ಸಾಗರ, ನಮ್ಮ ಈ ಮೂರು ತಾಲ್ಲೂಕುಗಳ ಕ್ರೀಡೆಯಲ್ಲಿ ಇಂಥ ಪೂರ್ವರಂಗ ಯಾವುದು? ಹುಡುಕಿದರೆ ಸಿಗುವುದಿಲ್ಲ. ಮಳೆಯೇ ಮೊದಲ ಅಡ್ಡಿ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು, ಹುಲಿಕಲ್ ಹೊಸನಗರ ತಾಲ್ಲೂಕಿನದು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಪಟ್ಟಿಯಲ್ಲಿ ಎರಡೂ ಮುಂದಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಎಂದರೆ ಕೆಸರುಗದ್ದೆ. ಈ ನಾಲ್ಕು ತಿಂಗಳಲ್ಲಿ ತಂಡದ ಮೊದಲಿಗನಿಗೆ ಹೇಗೋ ದಾರಿ ಸಿಗುತ್ತದೆ: ಕ್ರೀಡಾ ವಸತಿ ನಿಲಯ, ಶಿವಮೊಗ್ಗದ ಕಾಲೇಜು, ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ನವುಲೆ ಮೈದಾನ. ಎರಡನೆಯವನು ಊರಲ್ಲೇ ಉಳಿಯುತ್ತಾನೆ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕೆಲಸ, ಗದ್ದೆ ನಾಟಿ, ಆಮೇಲೆ ಪಿಕ್‌ಅಪ್ ಗಾಡಿಯ ಸ್ಟೀರಿಂಗ್. ದೀಪಾವಳಿ ಹೊತ್ತಿಗೆ ಮೈದಾನ ಒಣಗಿದಾಗ ಅವನು ಆಟಗಾರನಾಗಿ ಉಳಿದಿರುವುದಿಲ್ಲ. ಮಲೆನಾಡಿನ ಕ್ರೀಡೆಯಲ್ಲಿ ಪ್ರತಿಭೆ ಸೋರಿಹೋಗುವ ತೂತು ಇದೇ, ಸೋರುವುದೂ ಮಳೆಗಾಲದಲ್ಲೇ. ಇಲ್ಲಿ ಬೇಕಾದ್ದು ದೊಡ್ಡ ಕ್ರೀಡಾಂಗಣಕ್ಕಿಂತ ತಾಲ್ಲೂಕಿಗೊಂದು ಮಾಡು, ಅದರ ಕೆಳಗೆ ಒಂದು ಕಬಡ್ಡಿ ಅಂಕಣ, ಒಂದು ವಾಲಿಬಾಲ್ ಅಂಕಣ. ಅಡಿಕೆ ಒಣಗಿಸಲು ತಗಡಿನ ಶೆಡ್ ಕಟ್ಟಲು ಬರುವ ಊರಿನವರಿಗೆ ಅದನ್ನು ಕಟ್ಟುವ ವಿದ್ಯೆ ಹೇಳಿಕೊಡಬೇಕಿಲ್ಲ.

ಆಟದ ಒಳಗಿನ ರೂಢಿಯೂ ಎರಡನೆಯವನ ವಿರುದ್ಧವೇ ಇದೆ. ಬೇಸಿಗೆಯ ಹೊನಲು ಬೆಳಕಿನ ಪಂದ್ಯಾವಳಿಗಳ ನೋಟಿಸು ನೋಡಿ: ಕಬಡ್ಡಿ ಆದರೆ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ, ವಾಲಿಬಾಲ್ ಆದರೆ ಬೆಸ್ಟ್ ಸ್ಮ್ಯಾಷರ್, ಬೆಸ್ಟ್ ಲಿಫ್ಟರ್. ಲಿಫ್ಟರ್‌ಗೂ ಟ್ರೋಫಿ ಇಟ್ಟಿರುವುದು ನಮ್ಮ ಊರಿನವರ ಹೆಚ್ಚುಗಾರಿಕೆ, ಪಾಯಿಂಟ್ ಹೊಡೆಯುವವನ ಹಿಂದೆ ಚೆಂಡು ಎತ್ತಿ ಕೊಟ್ಟವನೊಬ್ಬ ಇದ್ದಾನೆಂದು ಅವರಿಗೆ ಗೊತ್ತು. ಆದರೆ ಅಂಕಣದ ಹೊರಗೆ ಕೂತವರು ರಾತ್ರಿಯಿಡೀ ನೀರು ಕೊಟ್ಟು, ಚಪ್ಪಾಳೆ ತಟ್ಟಿ, ಬೆಳಗಿನ ಜಾವ ಜೀಪು ಹತ್ತಿ ಮನೆಗೆ ಹೋಗುತ್ತಾರೆ. ಬಹುಮಾನದ ಹಣ ದೊಡ್ಡದಾದಷ್ಟೂ ಈ ರೂಢಿ ಬಿಗಿಯಾಗುತ್ತದೆ, ಹೊರಗಿನಿಂದ ಹೆಸರಾಂತ ಆಟಗಾರರನ್ನು ಕರೆತರುವುದೂ ಹೆಚ್ಚುತ್ತದೆ. ಇಲ್ಲಿ ನನ್ನ ಹೋಲಿಕೆಗೇ ಒಂದು ಪೆಟ್ಟು ಬೀಳುತ್ತದೆ ಎಂಬುದನ್ನು ಮುಚ್ಚಿಡಲಾರೆ. ಯಕ್ಷಗಾನವೂ ಈಗ ಕಾಲಮಿತಿಗೆ ಬರುತ್ತಿದೆ. ಬೆಳಗಿನವರೆಗಿನ ಆಟ ಮಧ್ಯರಾತ್ರಿಗೆ ಮುಗಿಯಬೇಕೆಂದಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಅಂದರೆ ಸಂಗೀತಗಾರ ಕಲಿಯುವ ಹೊತ್ತಿಗೆ. ಪ್ರೇಕ್ಷಕರಿಗೆ ಅದರಿಂದ ನಷ್ಟವೇನೂ ಕಾಣದು, ಅವರು ಮೊದಲೂ ಆ ಹೊತ್ತಿಗೆ ಬಂದಿರುತ್ತಿರಲಿಲ್ಲ. ನಷ್ಟ ಕಾಣುವುದು ಹತ್ತು ವರ್ಷದ ನಂತರ, ಮುಖ್ಯ ಭಾಗವತರ ಜಾಗ ತೆರವಾದ ದಿನ.

ಕ್ರೀಡೆಯಲ್ಲಿ ಅಷ್ಟು ಕಾಯಬೇಕಿಲ್ಲ. ಕಬಡ್ಡಿ ತಂಡಕ್ಕೆ ಹನ್ನೆರಡು ಹೆಸರು ಬರೆಸಿಕೊಳ್ಳುವುದು ಈಗಲೂ ಇರುವ ನಿಯಮ, ಅಂಕಣಕ್ಕೆ ಇಳಿಯುವುದು ಏಳು. ಫೈನಲ್‌ನಲ್ಲಿ ಬೇಡ, ಸೆಮಿಫೈನಲ್‌ನಲ್ಲೂ ಬೇಡ. ಲೀಗ್ ಹಂತದಲ್ಲಿ ಹನ್ನೆರಡೂ ಮಂದಿ ಒಮ್ಮೆಯಾದರೂ ಆಡಿರಬೇಕು ಎಂದರೆ ಗೆಲ್ಲುವ ತಂಡಕ್ಕೆ ನಷ್ಟವಾಗುತ್ತದೆಂದು ಕೆಲವರು ಹೇಳಬಹುದು. ಎಲ್ಲ ತಂಡಕ್ಕೂ ಅದೇ ನಿಯಮವಾದರೆ ನಷ್ಟವೂ ಎಲ್ಲರಿಗೂ ಸಮ. ಮೇಲಾಗಿ, ಯಾರ ಎಂಟನೆಯವನು ಗಟ್ಟಿ ಎಂಬುದೇ ಆಗ ಗೆಲುವನ್ನು ನಿರ್ಧರಿಸುವ ಲೆಕ್ಕವಾಗಿ, ಎಂಟನೆಯವನನ್ನು ತಯಾರು ಮಾಡುವ ಚಿಂತೆ ತಂಡದ ಮ್ಯಾನೇಜರ್‌ಗೇ ಹತ್ತುತ್ತದೆ. ಅಂಕ ಬರೆಯುವ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನಾದರೊಂದು ಬರಹ ಬೀಳುತ್ತದೆ, ನಾಳೆ ಎಲ್ಲಾದರೂ ಕೆಲಸ ಕೇಳಲು ಹೋದಾಗ ತೋರಿಸಲು ಒಂದು ಕಾಗದವಿರುತ್ತದೆ. ಇಷ್ಟಕ್ಕೆ ಬೇಕಾದ ಖರ್ಚು, ಮುಂದಿನ ಋತುವಿನ ನೋಟಿಸಿನಲ್ಲಿ ಒಂದು ಹೆಚ್ಚಿನ ಸಾಲು. 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬುದರ ಮೇಲೆ ಅಷ್ಟು ಜಾಗ ಎಲ್ಲ ನೋಟಿಸಿನಲ್ಲೂ ಇದ್ದೇ ಇರುತ್ತದೆ.